ಮೇಲಿನವರು ಸೋತಾಗ: ಮಹಾಬಲಿಪುರಂ ಚೆಸ್ ಒಲಿಂಪಿಯಾಡ್ ಮತ್ತು ಶ್ರೇಯಾಂಕದ ತಪ್ಪು ಓದು

44ನೇ ಚೆಸ್ ಒಲಿಂಪಿಯಾಡ್ ರಷ್ಯಾದಲ್ಲಿ ನಡೆಯಬೇಕಿತ್ತು. ಉಕ್ರೇನ್ ಮೇಲಿನ ಯುದ್ಧದಿಂದಾಗಿ ಅದು ಚೆನ್ನೈಗೆ ಬಂತು. 2022ರ ಜುಲೈ ಕೊನೆಯಿಂದ ಆಗಸ್ಟ್ 9ರವರೆಗೆ ನಗರದ ದಕ್ಷಿಣಕ್ಕಿರುವ ಮಹಾಬಲಿಪುರಂನಲ್ಲಿ, ಮುಕ್ತ ವಿಭಾಗವೊಂದರಲ್ಲೇ 188 ತಂಡಗಳು ಆಡಿದವು. ಅಗ್ರ ಶ್ರೇಯಾಂಕದ ಅಮೆರಿಕ ಐದನೇ ಸ್ಥಾನಕ್ಕೆ ಇಳಿಯಿತು. ಚಿನ್ನ 14ನೇ ಶ್ರೇಯಾಂಕದ ಉಜ್ಬೇಕಿಸ್ತಾನಕ್ಕೆ, ಬೆಳ್ಳಿ 12ನೇ ಶ್ರೇಯಾಂಕದ ಅರ್ಮೇನಿಯಾಕ್ಕೆ, ಕಂಚು ಭಾರತದ ಎರಡನೇ ತಂಡವಾದ, 11ನೇ ಶ್ರೇಯಾಂಕದ ಭಾರತ ‘ಬಿ’ಗೆ. ಮೊದಲ ಹತ್ತರೊಳಗಿನ ಒಂದು ತಂಡಕ್ಕೂ ಪದಕವಿಲ್ಲ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಇಂಥದ್ದೇ ನಡೆಯುತ್ತದೆ. ಹೆಸರೇ ಕೇಳದ ಕಾಲೇಜೊಂದು ಅಗ್ರ ತಂಡವನ್ನು ಮನೆಗೆ ಕಳಿಸುತ್ತದೆ. ಆಗ ಎಲ್ಲ ಕಡೆ ಕೇಳಿಬರುವ ಮಾತು ಎರಡೇ: ಶ್ರೇಯಾಂಕದ ಪಟ್ಟಿಯೇ ಸುಳ್ಳು, ಇಲ್ಲವೇ ಗೆದ್ದವರ ಅದೃಷ್ಟ. ಎರಡೂ ತಪ್ಪು. ಎರಡರಿಂದಲೂ ಆಡಿದವರಿಗೆ ಅನ್ಯಾಯವಾಗುತ್ತದೆ ಎಂಬುದು ನನಗೆ ಹೆಚ್ಚು ನೋವಿನ ಸಂಗತಿ.

ತಪ್ಪು ಕಲ್ಪನೆ: ಶ್ರೇಯಾಂಕ ಎಂದರೆ ಗೆಲ್ಲುವವರ ಪಟ್ಟಿ.

ಚೆಸ್‌ನ ರೇಟಿಂಗ್ ಪದ್ಧತಿ ರೂಪಿಸಿದವರು ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾಡ್ ಎಲೊ. ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ರೇಟಿಂಗ್ ಅಂತರ ಹೇಳುವುದು ಒಂದೇ ಸಂಗತಿ: ಇವರಿಬ್ಬರೂ ನೂರು ಆಟ ಆಡಿದರೆ ಅಂಕಗಳು ಸರಿಸುಮಾರು ಹೇಗೆ ಹಂಚಿಕೆಯಾಗಬಹುದು ಎಂದು. ಇವತ್ತಿನ ಆಟ ಯಾರದು ಎಂದು ಅದು ಹೇಳುವುದಿಲ್ಲ.

ಮಹಾಬಲಿಪುರಂಗೆ ಬಂದ ಅಮೆರಿಕದ ಮೊದಲ ನಾಲ್ವರ ಸರಾಸರಿ ರೇಟಿಂಗ್ 2771. ಭಾರತ ‘ಬಿ’ ತಂಡದ್ದು 2649. ಅಂತರ 122. ಫಿಡೆಯ ಕೋಷ್ಟಕದ ಪ್ರಕಾರ ಇಷ್ಟು ಅಂತರವಿದ್ದಾಗ ಕೆಳಗಿನವರು ಪ್ರತಿ ಆಟಕ್ಕೆ 0.33 ಅಂಕ ನಿರೀಕ್ಷಿಸಬಹುದು, ಅಂದರೆ ಮೂರರಲ್ಲಿ ಒಂದು ಪಾಲು. ಮೂರರಲ್ಲಿ ಒಂದು ಪಾಲು ಇರುವವರು ಒಂದು ದಿನ ಗೆದ್ದರೆ ಅದನ್ನು ಆಘಾತ ಎಂದು ದಪ್ಪಕ್ಷರದಲ್ಲಿ ಬರೆಯಬೇಕೇ? ಪಟ್ಟಿ ಆ ಸಾಧ್ಯತೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅದನ್ನು ಓದಲು ನಾವು ಮರೆತಿದ್ದೆವು.

ತಪ್ಪು ಕಲ್ಪನೆ: ಅಷ್ಟು ಬಲಿಷ್ಠ ತಂಡ ಕೂಟವನ್ನಾದರೂ ಗೆಲ್ಲಬೇಕಿತ್ತು.

ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ 80ರಷ್ಟಿರುವ ತಂಡವೊಂದನ್ನು ಊಹಿಸಿಕೊಳ್ಳಿ. ಅದು 11 ಸುತ್ತುಗಳನ್ನೂ ಗೆಲ್ಲುವ ಸಾಧ್ಯತೆ ಶೇ 9ಕ್ಕಿಂತ ಕಡಿಮೆ. ಆರೇ ಪಂದ್ಯವಿರುವ ನಾಕೌಟ್ ಆದರೂ ಶೇ 26ರಷ್ಟೇ. ಒಲಿಂಪಿಯಾಡ್‌ನಲ್ಲಿ ಎಲ್ಲವನ್ನೂ ಗೆಲ್ಲಲೇಬೇಕೆಂದಿಲ್ಲ, ನಿಜ. ಆದರೆ ಗೆದ್ದವರಿಗೆ ಗೆದ್ದವರೇ ಎದುರಾಗುವ ಪದ್ಧತಿ ಅಲ್ಲಿಯದು; ಮೇಲೇರಿದಷ್ಟೂ ಎದುರಾಳಿಗಳು ಕಠಿಣವಾಗುತ್ತಾರೆ. ಅಗ್ರ ತಂಡವೊಂದು ಕೂಟದಲ್ಲಿ ಒಮ್ಮೆಯಾದರೂ ಎಡವುವುದೇ ಹೆಚ್ಚು ಸಹಜ.

ತಪ್ಪು ಕಲ್ಪನೆ: ‘ಬಿ’ ತಂಡ ಅದೃಷ್ಟದಿಂದ ಗೆದ್ದಿತು.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಗಸ್ಟ್ 6, ಎಂಟನೇ ಸುತ್ತು. ಎದುರಿಗೆ ಅಮೆರಿಕದ ಫ್ಯಾಬಿಯಾನೊ ಕರುವಾನಾ, ಲೆವೊನ್ ಅರೋನಿಯನ್, ವೆಸ್ಲಿ ಸೊ, ಲೀನಿಯರ್ ಡೊಮಿಂಗೆಜ್. ನಮ್ಮ ಕಡೆ ಚೆನ್ನೈನ 16 ವರ್ಷದ ಡಿ. ಗುಕೇಶ್, ಕೇರಳದ ನಿಹಾಲ್ ಸರಿನ್, ಚೆನ್ನೈನದೇ ಆರ್. ಪ್ರಜ್ಞಾನಂದ, ನಾಗಪುರದ ರೌನಕ್ ಸಾಧ್ವಾನಿ. ನಿಹಾಲ್ ಮತ್ತು ಪ್ರಜ್ಞಾನಂದ ಡ್ರಾ ಮಾಡಿಕೊಂಡರು. ಗುಕೇಶ್ ಕರುವಾನಾರನ್ನೂ, ರೌನಕ್ ಡೊಮಿಂಗೆಜ್‌ರನ್ನೂ ಮಣಿಸಿದರು. ಫಲಿತಾಂಶ 3-1. ಗುಕೇಶ್‌ಗೆ ಅದು ಸತತ ಎಂಟನೇ ಗೆಲುವು. ಮೊದಲ ಬೋರ್ಡ್‌ನಲ್ಲಿ ಕೂತು ಎಂಟು ದಿನ ಬಿಡದೆ ಗೆಲ್ಲುವುದಕ್ಕೆ ಅದೃಷ್ಟ ಎಂಬ ಹೆಸರು ಒಪ್ಪುವುದಿಲ್ಲ.

ಹಾಗಾದರೆ ಅವರ ರೇಟಿಂಗ್ ಅಷ್ಟು ಕಡಿಮೆ ಇದ್ದದ್ದೇಕೆ? ರೇಟಿಂಗ್ ಬರೆಯುವುದು ನಿನ್ನೆಯ ಲೆಕ್ಕವನ್ನು. 2020ರ ಮಾರ್ಚ್‌ನಿಂದ ಬಹುಕಾಲ ಎದುರುಬದುರು ಕುಳಿತು ಆಡುವ ಟೂರ್ನಿಗಳು ನಿಂತುಹೋಗಿದ್ದವು. ಈ ಹುಡುಗರು ಮನೆಯಲ್ಲಿ, ಆನ್‌ಲೈನ್‌ನಲ್ಲಿ ಕಲಿಯುತ್ತಲೇ ಇದ್ದರು. ಬೆಳೆಯುವ ವಯಸ್ಸಿನ ಆ ಕಲಿಕೆ ಪಟ್ಟಿಗೆ ಸೇರಲು ದಾರಿಯೇ ಇರಲಿಲ್ಲ. ಇನ್ನೊಂದು ಕಾರಣ ಫಿಡೆಯ ಲೆಕ್ಕದ ನಿಯಮದಲ್ಲೇ ಇದೆ. ಒಮ್ಮೆ 2400 ಮುಟ್ಟಿದ ಆಟಗಾರನ ರೇಟಿಂಗ್ ಬಹಳ ನಿಧಾನವಾಗಿ ಏರಿಳಿಯುತ್ತದೆ. ಒಂದು ಆಟದಿಂದ ಅದು ಹತ್ತು ಅಂಕಕ್ಕಿಂತ ಹೆಚ್ಚು ಬದಲಾಗುವುದಿಲ್ಲ. ತನಗಿಂತ 99 ಅಂಕ ಮೇಲಿದ್ದ ಕರುವಾನಾರನ್ನು ಸೋಲಿಸಿದ್ದಕ್ಕೆ ಗುಕೇಶ್‌ಗೆ ಸಲ್ಲುವುದು ಆರು ಚಿಲ್ಲರೆ ಅಂಕ ಮಾತ್ರ. ವೇಗವಾಗಿ ಬೆಳೆಯುತ್ತಿರುವ ಹುಡುಗನ ಹಿಂದೆ ಪಟ್ಟಿ ಓಡಲಾರದು. ಉಜ್ಬೇಕಿಸ್ತಾನದ ಗೆಲುವಿನ ಗುಟ್ಟೂ ಇದೇ. ಅದರ ಮೊದಲ ಬೋರ್ಡ್‌ನಲ್ಲಿದ್ದ ನೊದಿರ್‌ಬೆಕ್ ಅಬ್ದುಸತ್ತೊರೊವ್ ಆಗಿನ್ನೂ 17ರ ಹುಡುಗ. ಹಿಂದಿನ ಡಿಸೆಂಬರ್‌ನಲ್ಲಷ್ಟೇ ವಿಶ್ವ ರ್‍ಯಾಪಿಡ್ ಚಾಂಪಿಯನ್ ಆಗಿದ್ದವರು. ಹತ್ತನೇ ಸುತ್ತಿನಲ್ಲಿ ಗುಕೇಶ್ ಸೋತದ್ದು, ಅದೂ ಗೆಲ್ಲುವ ಸ್ಥಿತಿಯಿಂದ ಜಾರಿ, ಅವರ ಎದುರೇ. ಆ ಪಂದ್ಯ 2-2ರಲ್ಲಿ ಮುಗಿದು ಭಾರತದ ಹುಡುಗರ ಚಿನ್ನದ ಆಸೆ ಕಮರಿತು.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆ ತಂಡವನ್ನು 1973-74ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ತಡೆಯಿತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್ ಇದ್ದ ತಂಡದ ಗೆಲುವನ್ನು ಯಾರಾದರೂ ಅದೃಷ್ಟ ಎಂದರೆ ನಾವು ಒಪ್ಪುತ್ತೇವೆಯೇ?

ತಪ್ಪು ಕಲ್ಪನೆ: ಜಗತ್ತಿನ ನಂಬರ್ ಒನ್ ಇರುವ ತಂಡ ಗೆಲ್ಲುವ ತಂಡ.

ಮ್ಯಾಗ್ನಸ್ ಕಾರ್ಲ್‌ಸನ್ ಇದ್ದ ನಾರ್ವೆ ಮೂರನೇ ಶ್ರೇಯಾಂಕದೊಂದಿಗೆ ಬಂದು 59ನೇ ಸ್ಥಾನದಲ್ಲಿ ಮುಗಿಸಿತು. ಕಾರ್ಲ್‌ಸನ್ ಚೆನ್ನಾಗಿಯೇ ಆಡಿದರು, ಮೊದಲ ಬೋರ್ಡ್‌ನ ವೈಯಕ್ತಿಕ ಕಂಚು ಗೆದ್ದರು. ಆದರೆ ಅವರ 2864 ರೇಟಿಂಗ್ ತಂಡದ ಸರಾಸರಿಯನ್ನು ಎತ್ತಿ ಹಿಡಿದಿತ್ತಷ್ಟೇ. ಉಳಿದವರ ಸರಾಸರಿ 2630ರ ಆಸುಪಾಸು. ಒಬ್ಬರು ಎಷ್ಟೇ ದೊಡ್ಡವರಾದರೂ ಪಂದ್ಯಕ್ಕೆ ತಂದುಕೊಡಬಹುದಾದದ್ದು ನಾಲ್ಕರಲ್ಲಿ ಒಂದು ಅಂಕ.

ತಪ್ಪು ಕಲ್ಪನೆ: ತವರು ನೆಲ ಗೆಲ್ಲಿಸಿತು.

ತವರು ನೆಲ ಎರಡನೇ ಶ್ರೇಯಾಂಕದ ಭಾರತ ‘ಎ’ ತಂಡಕ್ಕೂ ಇತ್ತು. ಅದು ನಾಲ್ಕನೆಯದಾಯಿತು. ಚಿನ್ನ, ಬೆಳ್ಳಿ ಎರಡೂ ಹೊರಗಿನವರ ಪಾಲಾದವು.

ತಪ್ಪು ಕಲ್ಪನೆ: ಬ್ಯಾಸ್ಕೆಟ್‌ಬಾಲ್‌ನಂತೆ ಅಂಕಗಳು ಸುರಿಯುವ ಆಟದಲ್ಲಿ ಬಲಿಷ್ಠರೇ ಗೆಲ್ಲಬೇಕು, ಕಾಲೇಜು ಮಟ್ಟದ ಏರುಪೇರು ಹುಡುಗರ ಚಂಚಲತೆ.

ವಯಸ್ಸಿನ ಪಾತ್ರ ಇಲ್ಲವೆನ್ನಲಾರೆ, ಆದರೆ ಆಟದ ಕಟ್ಟಳೆಗಳನ್ನು ಗಮನಿಸಿ. ವೃತ್ತಿಪರ ಎನ್‌ಬಿಎ ಪಂದ್ಯ 48 ನಿಮಿಷ, ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಎಸೆಯಬೇಕು. ಅಮೆರಿಕದ ಪುರುಷರ ಕಾಲೇಜು ಪಂದ್ಯ 40 ನಿಮಿಷ, ಎಸೆಯಲು 30 ಸೆಕೆಂಡು. ಎನ್‌ಬಿಎಯಲ್ಲಿ ಒಂದು ತಂಡಕ್ಕೆ ಸುಮಾರು ನೂರು ಸಲ ಚೆಂಡು ಸಿಕ್ಕರೆ ಕಾಲೇಜಿನಲ್ಲಿ 70ರ ಆಸುಪಾಸು. ಅವಕಾಶ ಕಡಿಮೆಯಾದಷ್ಟೂ ಬಲದ ವ್ಯತ್ಯಾಸ ತೋರಲು ಜಾಗ ಕಡಿಮೆ. ಎಸೆಯಲು ಕಾಲಮಿತಿಯೇ ಇಲ್ಲದಿದ್ದ 1985ರ ಫೈನಲ್‌ನಲ್ಲಿ ಎಂಟನೇ ಶ್ರೇಯಾಂಕದ ವಿಲನೋವಾ 28 ಎಸೆತಗಳಲ್ಲಿ 22ನ್ನು ಬುಟ್ಟಿಗೆ ಹಾಕಿ ಜಾರ್ಜ್‌ಟೌನ್ ವಿರುದ್ಧ 66-64ರಿಂದ ಗೆದ್ದಿತು. ಮೇಲಾಗಿ ಎನ್‌ಬಿಎ ಪ್ಲೇ-ಆಫ್‌ನಲ್ಲಿ ಗರಿಷ್ಠ ಏಳು ಪಂದ್ಯಗಳ ಸರಣಿ. ಒಂದು ಕೆಟ್ಟ ದಿನವನ್ನು ತೊಳೆದುಕೊಳ್ಳಲು ಆರು ದಿನಗಳಿವೆ. ಕಾಲೇಜಿನಲ್ಲಿ ಒಂದೇ ರಾತ್ರಿ.

ಮಹಾಬಲಿಪುರಂನಲ್ಲೂ ಹಾಗೆಯೇ. ಒಂದು ಪಂದ್ಯಕ್ಕೆ ನಾಲ್ಕೇ ಬೋರ್ಡ್, ಬಹಳಷ್ಟು ಆಟಗಳು ಡ್ರಾ. ಒಂದೆರಡು ಆಟ ತಿರುಗಿದರೆ ಪಂದ್ಯವೇ ತಿರುಗುತ್ತದೆ.

ತಪ್ಪು ಕಲ್ಪನೆ: ಸೋತ ಅಗ್ರ ತಂಡ ಒತ್ತಡಕ್ಕೆ ಕುಸಿಯಿತು, ಅದರ ಕಥೆ ಮುಗಿಯಿತು.

2018ರ ಮಾರ್ಚ್ 16ರವರೆಗೆ ಪುರುಷರ ಕಾಲೇಜು ಕೂಟದಲ್ಲಿ ಮೊದಲ ಶ್ರೇಯಾಂಕದವರು 16ನೇ ಶ್ರೇಯಾಂಕದವರ ಎದುರು ಆಡಿದ 135 ಪಂದ್ಯಗಳನ್ನೂ ಗೆದ್ದಿದ್ದರು. ಅಂದು ವರ್ಜೀನಿಯಾ ತಂಡ ಯುಎಂಬಿಸಿ ಎಂಬ ಮೇರಿಲ್ಯಾಂಡಿನ ಸಣ್ಣ ತಂಡದೆದುರು 54-74ರಿಂದ ಸೋತು ನಗೆಪಾಟಲಿಗೀಡಾಯಿತು. ಮರುವರ್ಷ ಅದೇ ವರ್ಜೀನಿಯಾ ರಾಷ್ಟ್ರೀಯ ಚಾಂಪಿಯನ್.

ಮಹಾಬಲಿಪುರಂನಲ್ಲಿ ಈ ಮಾತಿನ ಪೆಟ್ಟು ಬಿದ್ದದ್ದು ನಮ್ಮ ಹೆಣ್ಣುಮಕ್ಕಳಿಗೆ. ಕೊನೇರು ಹಂಪಿ, ಡಿ. ಹಾರಿಕಾ, ಆರ್. ವೈಶಾಲಿ, ತಾನಿಯಾ ಸಚ್‌ದೇವ್, ಭಕ್ತಿ ಕುಲಕರ್ಣಿ ಇದ್ದ ತಂಡಕ್ಕೆ ಮಹಿಳಾ ವಿಭಾಗದಲ್ಲಿ ಅಗ್ರ ಶ್ರೇಯಾಂಕ. ಕೊನೆಯ ಸುತ್ತಿಗೆ ಹೋಗುವಾಗ ಅದೇ ಮುಂದಿತ್ತು. ಅಂದು ಅಮೆರಿಕದೆದುರು 1-3ರಿಂದ ಸೋತು ಕಂಚಿಗೆ ಇಳಿಯಿತು. ಚಿನ್ನ ಕೈಜಾರಿತು ಎಂಬ ಕೊರಗಿನಲ್ಲಿ, ಮಹಿಳಾ ವಿಭಾಗದಲ್ಲಿ ಭಾರತಕ್ಕೆ ಅದು ಮೊದಲ ಒಲಿಂಪಿಯಾಡ್ ಪದಕ ಎಂಬುದು ಮರೆಯಾಯಿತು. ತುಂಬು ಗರ್ಭಿಣಿ ಹಾರಿಕಾ ಆ ದಿನಗಳಲ್ಲಿ ಬೋರ್ಡ್ ಮುಂದೆ ಕೂತಿದ್ದರು ಎಂಬುದೂ ನೆನಪಿರಲಿ.

ಎರಡು ವರ್ಷದ ನಂತರ, 2024ರ ಸೆಪ್ಟೆಂಬರ್‌ನಲ್ಲಿ, ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತ ಎರಡೂ ವಿಭಾಗಗಳ ಚಿನ್ನ ಗೆದ್ದಿತು. ಮಹಿಳಾ ತಂಡದಲ್ಲಿದ್ದವರು ಹಾರಿಕಾ, ವೈಶಾಲಿ, ದಿವ್ಯಾ ದೇಶಮುಖ್, ವಂತಿಕಾ ಅಗ್ರವಾಲ್, ತಾನಿಯಾ. ಐವರೂ ಮಹಾಬಲಿಪುರಂನಲ್ಲಿ ಭಾರತದ ಎರಡು ತಂಡಗಳಿಗೆ ಆಡಿದ್ದವರೇ.