ಜ್ಯೂರಿಯ ಕರ್ತವ್ಯ: 1908ರ ತಿಲಕರ ಮೊಕದ್ದಮೆಯ ಒಂದು ಪರಿಶೀಲನೆ

ಜ್ಯೂರಿಯೆಂಬುದು ಆಂಗ್ಲ ನ್ಯಾಯಪದ್ಧತಿಯೊಡನೆ ನಮ್ಮ ದೇಶಕ್ಕೆ ಬಂದ ಸಂಸ್ಥೆ. ಕಾನೂನು ಏನೆಂಬುದನ್ನು ನ್ಯಾಯಾಧೀಶರು ತಿಳಿಸುವರು. ನಡೆದ ಸಂಗತಿ ಏನೆಂಬುದನ್ನು ಜ್ಯೂರಿಯವರು ನಿರ್ಣಯಿಸುವರು. ಇವರು ಕಾನೂನು ಪಂಡಿತರಾಗಿರಬೇಕಾದುದಿಲ್ಲ. ಸಾಕ್ಷ್ಯವನ್ನು ಕೇಳಿ, ಆರೋಪಿ ದೋಷಿಯೋ ನಿರ್ದೋಷಿಯೋ ಎಂಬುದನ್ನು ಹೇಳಿದರೆ ಇವರ ಕರ್ತವ್ಯ ಮುಗಿಯಿತು. 1670ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಎಂಬವರನ್ನು ದೋಷಿಗಳೆಂದು ಹೇಳಲೊಪ್ಪದ ಜ್ಯೂರಿಯವರಿಗೆ ದಂಡ ವಿಧಿಸಲಾಯಿತು. ಅವರಲ್ಲೊಬ್ಬನಾದ ಎಡ್ವರ್ಡ್ ಬುಷೆಲ್ ದಂಡ ತೆರದೆ ಸೆರೆಯಲ್ಲಿದ್ದು ಹೋರಾಡಿದುದರ ಫಲವಾಗಿ, ತೀರ್ಮಾನಕ್ಕಾಗಿ ಜ್ಯೂರಿಯವರನ್ನು ಶಿಕ್ಷಿಸಕೂಡದೆಂಬ ನಿಯಮ ಸ್ಥಿರಪಟ್ಟಿತು.

ಕೊಲೆ, ಕಳವುಗಳಲ್ಲಿ 'ಸಂಗತಿ' ಎಂದರೇನೆಂಬುದು ಸ್ಪಷ್ಟ. ರಾಜದ್ರೋಹದ ಮೊಕದ್ದಮೆಯಲ್ಲಿಯೋ, ಬರೆದವನ ಉದ್ದೇಶವೇನು, ಓದುವವರ ಮನಸ್ಸಿನಲ್ಲಿ ಆ ಮಾತು ಎಂತಹ ಭಾವವನ್ನು ಹುಟ್ಟಿಸುತ್ತದೆ ಎಂಬುದೇ ಸಂಗತಿಯಾಗುತ್ತದೆ. ಮುಜಫ್ಫರಪುರದ ಬಾಂಬು ಪ್ರಕರಣದ ತರುವಾಯ 'ಕೇಸರಿ'ಯಲ್ಲಿ 1908ರ ಮೇ 12 ಮತ್ತು ಜೂನ್ 9ರಂದು ಪ್ರಕಟವಾದ ಲೇಖನಗಳಿಗಾಗಿ ಬಾಲಗಂಗಾಧರ ತಿಲಕರನ್ನು ಮುಂಬಯಿಯ ಹೈಕೋರ್ಟಿನಲ್ಲಿ ವಿಚಾರಣೆಗೆ ಗುರಿಪಡಿಸಿದಾಗ ಎದ್ದ ಪ್ರಶ್ನೆ ಇದೇ.

ಲೇಖನಗಳು ಮರಾಠಿಯವು. ಸರ್ಕಾರದ ಕಡೆಯವರು ವಿಶೇಷ ಜ್ಯೂರಿಯನ್ನು ಬೇಡಿದರು. ಹಾಗಾದರೆ ಮರಾಠಿಯರಿಯದ ಯುರೋಪಿಯನ್ನರೇ ಹೆಚ್ಚಾಗುವರೆಂದು ತಿಲಕರ ಪರವಾಗಿ ಜೋಸೆಫ್ ಬ್ಯಾಪ್ಟಿಸ್ಟಾ ಆಕ್ಷೇಪಿಸಿದರೂ ನ್ಯಾಯಮೂರ್ತಿ ದಿನ್‌ಷಾ ದಾವರ್ ಆ ಬೇಡಿಕೆಯನ್ನು ಅಂಗೀಕರಿಸಿದರು. (1897ರ ಮೊಕದ್ದಮೆಯಲ್ಲಿ ತಿಲಕರ ಜಾಮೀನಿಗಾಗಿ ವಾದಿಸಿದ್ದ ನ್ಯಾಯವಾದಿ ಇದೇ ದಾವರ್!) ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು: ಒಟ್ಟು ಒಂಬತ್ತು ಮಂದಿ ಜ್ಯೂರಿಯಲ್ಲಿ ಕುಳಿತರು. ತಮ್ಮ ವಾದವನ್ನು ತಾವೇ ಮಂಡಿಸಿದ ತಿಲಕರು ಇವರನ್ನುದ್ದೇಶಿಸಿ ಹಲವು ದಿನಗಳಲ್ಲಿ 21 ಗಂಟೆಗೂ ಮೀರಿ ಮಾತನಾಡಿದರು. ಆಪಾದನೆ ನಿಂತಿರುವುದು ಭಾಷಾಂತರದ ಮೇಲೆ, ಮೂಲದ ಶಬ್ದಗಳಿಗೆ ಅದರಲ್ಲಿ ವಿಪರೀತಾರ್ಥ ಬಂದಿದೆ ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಮೂಲವನ್ನು ಓದಲಾರದವನು ಆ ಮೂಲದ ಉದ್ದೇಶವನ್ನು ನಿರ್ಣಯಿಸಬೇಕಾದ ಸಂದರ್ಭದಲ್ಲಿ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ವಾಸ್ತವದಲ್ಲಿ ತೀರ್ಪು ಹೇಳುವವನು ಭಾಷಾಂತರಕಾರನೆಂದೇ ನಾವು ಭಾವಿಸುತ್ತೇವೆ.

ಜುಲೈ 22ರ ರಾತ್ರಿ ಜ್ಯೂರಿಯ ಏಳು ಮಂದಿ ದೋಷಿಯೆಂದೂ ಇಬ್ಬರು ನಿರ್ದೋಷಿಯೆಂದೂ ಅಭಿಪ್ರಾಯಪಟ್ಟರು. ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಹನ್ನೆರಡು ಮಂದಿಯೂ ಏಕಾಭಿಪ್ರಾಯಕ್ಕೆ ಬರಬೇಕಾಗಿದ್ದಿತು. ಅಲ್ಲಿ ಇಬ್ಬರ ಭಿನ್ನಮತವಿದ್ದರೆ ಶಿಕ್ಷೆ ಸಾಧ್ಯವಾಗುತ್ತಿರಲಿಲ್ಲ. ಆದರೆ ಭಾರತದ ಹೈಕೋರ್ಟುಗಳಲ್ಲಿ, 1898ರ ದಂಡ ಪ್ರಕ್ರಿಯಾ ಸಂಹಿತೆಯ ಮೇರೆಗೆ, ಒಂಬತ್ತರಲ್ಲಿ ಆರು ಮಂದಿ ಒಮ್ಮತಕ್ಕೆ ಬಂದು ನ್ಯಾಯಾಧೀಶರೂ ಅದನ್ನೊಪ್ಪಿದರೆ ಸಾಕು. ದಾವರ್ ಒಪ್ಪಿದರು, ಆರು ವರ್ಷಗಳ ಗಡೀಪಾರನ್ನೂ ಸಾವಿರ ರೂಪಾಯಿ ದಂಡವನ್ನೂ ವಿಧಿಸಿದರು. ಬುಷೆಲನಿಗೆ ದೊರೆತ ರಕ್ಷಣೆ ಮುಂಬಯಿಯ ಆ ಇಬ್ಬರಿಗೂ ಇದ್ದಿತು. ಅವರ ಮಾತಿಗೆ ತಡೆಯುವ ಬಲ ಮಾತ್ರ ಇರಲಿಲ್ಲ. ಆಂಗ್ಲರು ಇಲ್ಲಿಗೆ ತಂದ ಜ್ಯೂರಿಗೂ ತಮ್ಮ ನಾಡಿನಲ್ಲಿ ಇರಿಸಿಕೊಂಡ ಜ್ಯೂರಿಗೂ ಇದ್ದ ಅಂತರವನ್ನು ಇದರಿಂದ ಅಳೆಯಬಹುದು.

ಜ್ಯೂರಿ ಪದ್ಧತಿ ಅಳಿದುದಕ್ಕೆ 1959ರ ನಾನಾವತಿ ಮೊಕದ್ದಮೆಯೇ ಕಾರಣವೆಂಬ ಮಾತು ಪ್ರಚಾರದಲ್ಲಿದೆ. ಆದರೆ ಕಾನೂನು ಆಯೋಗವು 1958ರ ವರದಿಯಲ್ಲಿಯೇ ಇದರ ರದ್ದತಿಯನ್ನು ಶಿಫಾರಸು ಮಾಡಿದ್ದಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಎಡೆಯೇ ಉಳಿಯಲಿಲ್ಲ.