ಅಪ್‌ಗ್ರೇಡ್ ಆದ ಮೇಲೆ ಲಿನಕ್ಸ್ ಏಳದಿದ್ದರೆ

ಲಿನಕ್ಸ್ ಅಪ್‌ಗ್ರೇಡ್ ಮುಗಿದು ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಡೆಸ್ಕ್‌ಟಾಪ್ ಬರುವ ಬದಲು ಕಪ್ಪು ಪರದೆಯೋ ಅರ್ಥವಾಗದ ನಾಲ್ಕು ಸಾಲೋ ಕಂಡರೆ, ಹೆಚ್ಚಿನವರಿಗೆ ಸಿಗುವ ಸಲಹೆ ಒಂದೇ: ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಿ. ಬಹುಪಾಲು ಸಂದರ್ಭಗಳಲ್ಲಿ ಇದು ತಪ್ಪು ಸಲಹೆ ಎಂಬುದು ನನ್ನ ವಾದ. ಅಪ್‌ಗ್ರೇಡ್ ನಂತರದ ತೊಂದರೆ ಸಾಮಾನ್ಯವಾಗಿ ಏನೋ ನಾಶವಾದ್ದರಿಂದ ಬರುವುದಿಲ್ಲ. ಜೊತೆಜೊತೆಗೆ ಬದಲಾಗಬೇಕಿದ್ದ ಎರಡು ಭಾಗಗಳಲ್ಲಿ ಒಂದು ಹೊಸದಾಗಿ, ಇನ್ನೊಂದು ಹಳೆಯದಾಗಿಯೇ ಉಳಿದದ್ದರಿಂದ ಬರುತ್ತದೆ. ಫೋಟೊ, ಪತ್ರ, ಲೆಕ್ಕಪತ್ರಗಳೆಲ್ಲ ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ. ಅವಕ್ಕೆ ನಿಜವಾದ ಅಪಾಯ ಶುರುವಾಗುವುದು ನಾವು ಫಾರ್ಮ್ಯಾಟ್ ಒತ್ತಿದಾಗ.

ಪವರ್ ಬಟನ್ ಒತ್ತಿದೊಡನೆ ಮೊದಲು ಕೆಲಸಕ್ಕೆ ಇಳಿಯುವುದು ಮದರ್‌ಬೋರ್ಡಿನ ಫರ್ಮ್‌ವೇರ್. ಅದು ಗ್ರಬ್ ಎಂಬ ಬೂಟ್‌ಲೋಡರನ್ನು ಹುಡುಕಿ ಓಡಿಸುತ್ತದೆ. ಗ್ರಬ್ ಎರಡು ಫೈಲುಗಳನ್ನು ಮೆಮೊರಿಗೆ ತರುತ್ತದೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್. ಡಿಸ್ಕನ್ನು ಓದಲು ಬೇಕಾದ ಡ್ರೈವರ್ ಆ ಡಿಸ್ಕಿನೊಳಗೇ ಇದ್ದರೆ ಅದನ್ನು ಓದುವುದು ಹೇಗೆ? ಆ ತೊಡಕು ಬಿಡಿಸಲೆಂದೇ ಈ ಎರಡನೆಯ ಫೈಲು ಇರುವುದು. ಮುಖ್ಯ ಪಾರ್ಟಿಷನ್ ತೆರೆದುಕೊಂಡ ಮೇಲೆ ಸಿಸ್ಟಮ್‌ಡಿ ಉಳಿದ ಸೇವೆಗಳನ್ನು ಶುರುಮಾಡಿ ಕೊನೆಗೆ ಲಾಗಿನ್ ಪರದೆ ತರುತ್ತದೆ. ಹೀಗಿರುವಾಗ ಕಂಪ್ಯೂಟರ್ ಎಲ್ಲಿ ನಿಂತಿತು ಎಂಬುದೇ ಅರ್ಧ ಉತ್ತರ. 'ಗ್ರಬ್ ರೆಸ್ಕ್ಯೂ' ಎಂದು ಕಂಡರೆ ಗ್ರಬ್‌ಗೆ ತನ್ನದೇ ಫೈಲುಗಳು ಸಿಕ್ಕಿಲ್ಲ. ರೂಟ್ ಮೌಂಟ್ ಆಗಲಿಲ್ಲ ಎಂದು ಕರ್ನಲ್ ಪ್ಯಾನಿಕ್ ಬಂದರೆ ಹೊಸ ಕರ್ನಲ್ಲಿಗೆ ತಕ್ಕ ಇನಿಟ್‌ರಾಮ್‌ಎಫ್‌ಎಸ್ ತಯಾರಾಗಿಲ್ಲದಿರಬಹುದು. ಪ್ರತ್ಯೇಕವಾದ ಪುಟ್ಟ ಬೂಟ್ ಪಾರ್ಟಿಷನ್ ಹಳೆಯ ಕರ್ನಲ್ಲುಗಳಿಂದ ತುಂಬಿಹೋಗಿದ್ದರೆ ಹೀಗಾಗುತ್ತದೆ. ಒಂದೂವರೆ ನಿಮಿಷ ಕಾಯಿಸಿ ಎಮರ್ಜೆನ್ಸಿ ಮೋಡ್‌ಗೆ ಹೋದರೆ, ಎಫ್‌ಎಸ್‌ಟ್ಯಾಬ್ ಪಟ್ಟಿಯಲ್ಲಿ ಹೆಸರಿಸಿದ ಯಾವುದೋ ಪಾರ್ಟಿಷನ್ ಸಿಗುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಅಕ್ಷರಗಳ ಪರದೆಯಲ್ಲಿ ಲಾಗಿನ್ ಆಗಿ, ಚಿತ್ರದ ಪರದೆ ಮಾತ್ರ ಬಾರದಿದ್ದರೆ ಗ್ರಾಫಿಕ್ಸ್ ಡ್ರೈವರನ್ನು, ಅದರಲ್ಲೂ ಎನ್‌ವಿಡಿಯಾದ್ದನ್ನು, ನೋಡಬೇಕು.

ಇದು ಬರೀ ಊಹೆಯಲ್ಲ. 2020ರ ಜುಲೈನಲ್ಲಿ ಗ್ರಬ್‌ನ 'ಬೂಟ್‌ಹೋಲ್' ಎಂಬ ಭದ್ರತಾ ದೋಷ ಸರಿಪಡಿಸಲು ಬಂದ ಅಪ್‌ಡೇಟ್ ಹಾಕಿದ ಮೇಲೆ ರೆಡ್ ಹ್ಯಾಟ್ ಮತ್ತು ಸೆಂಟ್‌ಒಎಸ್‌ನ ಅನೇಕ ಯಂತ್ರಗಳು ಬೂಟ್ ಆಗದೇ ನಿಂತವು. ಗ್ರಬ್‌ಗಿಂತ ಮೊದಲು ಓಡುವ 'ಶಿಮ್' ಎಂಬ ಸಣ್ಣ ಪ್ರೋಗ್ರಾಮಿನಲ್ಲಿ ದೋಷವಿತ್ತು. ರೆಸ್ಕ್ಯೂ ಮೋಡ್‌ನಲ್ಲಿ ಒಳಹೊಕ್ಕು ಹಳೆಯ ಆವೃತ್ತಿಗೆ ಮರಳಿದರೆ ಸಾಕಿತ್ತು. 2022ರ ಆಗಸ್ಟಿನಲ್ಲಿ ಆರ್ಚ್ ಮತ್ತು ಎಂಡೆವರ್‌ಒಎಸ್ ಬಳಕೆದಾರರಿಗೆ ಆದದ್ದಂತೂ ನನ್ನ ವಾದದ ನೇರ ಉದಾಹರಣೆ. ಗ್ರಬ್‌ನ ಸಂರಚನಾ ಫೈಲು ಹೊಸದಾಯಿತು, ಬೂಟ್ ಜಾಗದಲ್ಲಿ ಕೂತಿದ್ದ ಗ್ರಬ್ ಹಳೆಯದೇ ಉಳಿಯಿತು. ಹೊಸ ಆಜ್ಞೆ ಅದಕ್ಕೆ ಅರ್ಥವಾಗದೆ ಯಂತ್ರ ಮತ್ತೆ ಮತ್ತೆ ಫರ್ಮ್‌ವೇರ್ ಸೆಟಿಂಗ್ಸಿಗೇ ಹೋಗುತ್ತಿತ್ತು. ಗ್ರಬ್ ಒಂದನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತಿತ್ತು. 2024ರ ಆಗಸ್ಟಿನಲ್ಲಿ ವಿಂಡೋಸ್ ಅಪ್‌ಡೇಟ್ ಒಂದು ಹಳೆಯ ಶಿಮ್‌ಗಳನ್ನು ತಿರಸ್ಕರಿಸುವ ನಿಯಮವನ್ನು ಫರ್ಮ್‌ವೇರಿನಲ್ಲಿ ಬರೆಯಿತು. ಎರಡೂ ಒಎಸ್ ಇಟ್ಟುಕೊಂಡಿದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ನಿಂತಿತು. ಹಳೆಯ ಶಿಮ್ ಇರುವ ಇನ್‌ಸ್ಟಾಲ್ ಪೆನ್‌ಡ್ರೈವ್ ಕೂಡ ಅದೇ ನಿಯಮಕ್ಕೆ ಸಿಕ್ಕಿ ಬೂಟ್ ಆಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ನಂಬಿಕೆಯ ಸಹಿ ಇರುವ ಬೂಟ್ ಪ್ರೋಗ್ರಾಮುಗಳನ್ನಷ್ಟೇ ಓಡಗೊಡುವ ಫರ್ಮ್‌ವೇರಿನ 'ಸೆಕ್ಯೂರ್ ಬೂಟ್' ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿಗೆ ಹೋಗಿ, ಆ ನಿಯಮ ಅಳಿಸಿ, ಮತ್ತೆ ಸೆಕ್ಯೂರ್ ಬೂಟ್ ಚಾಲೂ ಮಾಡುವುದು ಪರಿಹಾರವಾಗಿತ್ತು. ಮೂರು ಪ್ರಕರಣಗಳಲ್ಲೂ ಜನರ ಫೈಲುಗಳಿಗೆ ಏನೂ ಆಗಿರಲಿಲ್ಲ.

ಇದಕ್ಕೆಲ್ಲ ಮೊದಲು ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಉಬುಂಟು, ಫೆಡೋರಾ ಮುಂತಾದವು ಹೊಸ ಕರ್ನಲ್ ಹಾಕುವಾಗ ಹಳೆಯದನ್ನು ಉಳಿಸಿಕೊಂಡಿರುತ್ತವೆ. ಫೆಡೋರಾದಲ್ಲಿ ಮಾಮೂಲಾಗಿ 3 ಕರ್ನಲ್ ಇರುತ್ತವೆ. ಶುರುವಿನಲ್ಲಿ ಎಸ್ಕೇಪ್ ಅಥವಾ ಶಿಫ್ಟ್ ಕೀ ಒತ್ತಿ ಗ್ರಬ್ ಮೆನು ತರಿಸಿ, ಹಿಂದಿನ ಕರ್ನಲ್ ಆರಿಸಿ. ಅದು ಬೂಟ್ ಆದರೆ ಡಿಸ್ಕ್, ಗ್ರಬ್, ಫೈಲುಗಳು ನೆಟ್ಟಗಿವೆ, ಹುಳುಕು ಹೊಸ ಕರ್ನಲ್ ಅಥವಾ ಅದರ ಡ್ರೈವರುಗಳ ಸುತ್ತಲೇ ಇದೆ ಎಂದಾಯಿತು. ಕೆಲಸ ನಿಲ್ಲುವುದಿಲ್ಲ, ಬಿಡುವಾದಾಗ ರಿಪೇರಿ ಮಾಡಬಹುದು. ಅಪ್‌ಗ್ರೇಡಿನ ವೇಳೆ ಈ ಹಳೆಯ ಕರ್ನಲ್ ಉಳಿಸಿಕೊಳ್ಳುವ ಪದ್ಧತಿ ಇಷ್ಟು ಉಪಕಾರಿಯಾಗಿದ್ದರೂ ಅದು ಇದೆಯೆಂಬುದೇ ಎಷ್ಟೋ ಬಳಕೆದಾರರಿಗೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಅರ್ಧ ಗಂಟೆಯಲ್ಲಿ ಹೊಸದಾಗಿ ಹಾಕಬಹುದಾದಾಗ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದು ಕೇಳಬಹುದು. ಸ್ವಂತದ್ದೇನೂ ಇಲ್ಲದ ಲ್ಯಾಬ್ ಯಂತ್ರಕ್ಕೆ ಆ ಮಾತು ಒಪ್ಪುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಆ ಅರ್ಧ ಗಂಟೆಯ ಹಿಂದೆ ಪ್ರಿಂಟರ್, ಕನ್ನಡ ಕೀಲಿಮಣೆ, ಫಾಂಟು, ತಂತ್ರಾಂಶಗಳನ್ನೆಲ್ಲ ಮತ್ತೆ ಹೊಂದಿಸುವ ದಿನಗಳೂ ಇರುತ್ತವೆ. ಮೇಲಾಗಿ, ಎನ್‌ವಿಡಿಯಾ ಡ್ರೈವರಿಗೂ ಸೆಕ್ಯೂರ್ ಬೂಟ್‌ಗೂ ಹೊಂದಿಕೆಯಾಗದ್ದೇ ಕಾರಣವಾಗಿದ್ದರೆ, ಹೊಸ ಇನ್‌ಸ್ಟಾಲ್‌ನಲ್ಲಿ ಅದೇ ಡ್ರೈವರ್ ಹಾಕಿದ ದಿನ ಅದೇ ಕಪ್ಪು ಪರದೆ ಎದುರಾಗಬಹುದು. ಸಾಮಾನ್ಯರಿಗೆ ಕಮಾಂಡ್ ಬರೆಯುವುದು ಸಾಧ್ಯವೇ ಎಂಬ ಇನ್ನೊಂದು ಆಕ್ಷೇಪ ನ್ಯಾಯವಾದದ್ದು. ರಿಪೇರಿಯನ್ನು ಅವರೇ ಮಾಡಬೇಕಿಲ್ಲ. ನಿಂತ ಪರದೆಯ ಫೋಟೊ ತೆಗೆದಿಟ್ಟುಕೊಳ್ಳುವುದು, ಹಳೆಯ ಕರ್ನಲ್ ಆರಿಸಿ ನೋಡುವುದು, ಅದೂ ಆಗದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಫೈಲುಗಳನ್ನು ಬೇರೆಡೆಗೆ ಕಾಪಿ ಮಾಡುವುದು: ಇಷ್ಟಕ್ಕೆ ಒಂದು ಕಮಾಂಡೂ ಬೇಡ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಪಾಸ್‌ವರ್ಡ್ ನೆನಪಿರಬೇಕು, ಅಷ್ಟೆ. ಮೂಲ ಡಿಸ್ಕು ಅಳಿಸದೆ ಇದ್ದರೆ ನೆರವಿಗೆ ಬಂದವರಿಗೂ ಕಾರಣ ಹುಡುಕಲು ದಾಖಲೆ ಸಿಗುತ್ತದೆ.

ಒಂದು ಸಂದರ್ಭದಲ್ಲಿ ನನ್ನ ವಾದ ನಿಲ್ಲುವುದಿಲ್ಲ. ಪರದೆಯ ಮೇಲೆ ಓದು-ಬರೆಹದ ದೋಷಗಳು ಸಾಲುಸಾಲಾಗಿ ಬರುತ್ತಿದ್ದರೆ ಡಿಸ್ಕೇ ಸಾಯುತ್ತಿರಬಹುದು. ಅಪ್‌ಗ್ರೇಡ್ ಸಾವಿರಾರು ಫೈಲುಗಳನ್ನು ಒಮ್ಮೆಗೇ ಬರೆಯುವಾಗ ಅದು ಬಯಲಿಗೆ ಬಂದಿರುತ್ತದೆ. ಅಲ್ಲಿ ರಿಪೇರಿ ಕಮಾಂಡುಗಳನ್ನು ಓಡಿಸುತ್ತ ಕೂರಬಾರದು. ಮೊದಲು ಫೈಲುಗಳನ್ನು ಹೊರತೆಗೆದು, ಬೇರೆ ಡಿಸ್ಕ್ ಕೊಂಡು, ಅದರ ಮೇಲೆ ಲಿನಕ್ಸನ್ನು ಹೊಸದಾಗಿ ಹಾಕುವುದೇ ಸರಿ.