ಡಿಕ್ಸನ್ ಎಂಬ ಅಂಕಿತ: ಹಾರ್ಡಿ ಸಹೋದರರ ಕಥೆಗಳ ಎರಡು ಪಾಠಗಳು

ಪಾಠಾಂತರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಪಂಪ ರನ್ನರ ಓಲೆಗರಿಗಳ ಕಡೆಗೆ ಹರಿಯುತ್ತದೆ. ಹನ್ನೆರಡು ವರ್ಷದ ಹುಡುಗನು ಊಟದ ತಟ್ಟೆಯ ಮುಂದೆ ಕುಳಿತು ಓದಿ ಮುಗಿಸುವ ಇಂಗ್ಲಿಷ್ ಪತ್ತೇದಾರಿ ಕಥೆಗೂ ಎರಡು ಪಾಠಗಳಿವೆ, ಅವುಗಳ ಅಂತರವು ವಿಚಾರಯೋಗ್ಯವಾಗಿದೆ ಎಂದರೆ ಕೆಲವರಿಗೆ ನಗೆ ಬಂದೀತು. ಆದರೆ ಹೊರನಾಡಿನಲ್ಲಿ ನೆಲಸಿದ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಮೊದಲು ತಾವಾಗಿ ಓದಿದ ಪುಸ್ತಕಗಳ ಸಾಲಿನಲ್ಲಿ ‘ಹಾರ್ಡಿ ಬಾಯ್ಸ್’ ಇದ್ದೇ ಇರುತ್ತದೆ. ಆ ಪುಸ್ತಕವನ್ನು ಬರೆದವರು ಯಾರು, ನಾವು ಕೊಂಡುತಂದದ್ದು ಯಾವ ಪಾಠ ಎಂಬ ವಿಚಾರ ಮಾತ್ರ ಹಿರಿಯರ ಗಮನಕ್ಕೆ ಬರುವುದು ಅಪರೂಪ.

ಮುಖಪುಟದ ಮೇಲೆ ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಎಂಬ ಹೆಸರಿದೆ. ಇಂಥ ಮನುಷ್ಯನು ಎಂದೂ ಇರಲಿಲ್ಲ. ನಮ್ಮ ವಚನಕಾರರಲ್ಲಿ ಅಂಕಿತವನ್ನು ಕಂಡೊಡನೆ ವಚನ ಯಾರದೆಂದು ತಿಳಿಯುತ್ತದೆ. ಇಲ್ಲಿ ಬರೆದವನನ್ನು ಮರೆಮಾಡುವುದಕ್ಕಾಗಿಯೇ ಅಂಕಿತ ಹುಟ್ಟಿದೆ. ಇದನ್ನು ಕಲ್ಪಿಸಿದವನು ನ್ಯೂಜರ್ಸಿಯ ಎಡ್ವರ್ಡ್ ಸ್ಟ್ರಾಟೆಮೆಯರ್ (೧೮೬೨–೧೯೩೦). ತಾನೂ ನುರಿತ ಕಥೆಗಾರನಾದ ಈತ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬರವಣಿಗೆಯನ್ನು ಕಾರ್ಖಾನೆಯ ಕ್ರಮಕ್ಕೆ ಅಳವಡಿಸಿದ. ಕಥೆಯ ಹಂದರವನ್ನು ಕೆಲವು ಪುಟಗಳಲ್ಲಿ ತಾನು ಬರೆಯುವುದು. ಅದನ್ನು ಕೂಲಿ ಲೇಖಕನೊಬ್ಬನಿಗೆ ಕಳುಹಿಸಿ ಪುಸ್ತಕವಾಗಿ ಬೆಳೆಸುವುದು. ಗೊತ್ತಾದ ಸಂಭಾವನೆ ಕೊಟ್ಟು ಸಕಲ ಹಕ್ಕುಗಳನ್ನೂ ಬರೆಸಿಕೊಳ್ಳುವುದು. ಪ್ರಕಟಿಸುವ ಕೆಲಸ ಗ್ರಾಸೆಟ್ ಅಂಡ್ ಡನ್‌ಲಪ್ ಸಂಸ್ಥೆಯದು, ಬೆಲೆ ಅರ್ಧ ಡಾಲರು. ಇಂಥ ಅಗ್ಗದ ಕಥಾಮಾಲೆಗಳು ಹುಡುಗರ ಮಿದುಳನ್ನು ಕೆಡಿಸುತ್ತವೆಂದು ಅಮೆರಿಕದ ಬಾಲಚರ ಸಂಸ್ಥೆಯ ಗ್ರಂಥಪಾಲ ಫ್ರಾಂಕ್ಲಿನ್ ಮ್ಯಾಥ್ಯೂಸ್ ೧೯೧೪ರಲ್ಲಿಯೇ ಕಟುವಾಗಿ ಬರೆದಿದ್ದ. ಮಾರಾಟಕ್ಕೆ ಅದರಿಂದ ತಡೆಯೇನೂ ಆಗಲಿಲ್ಲ.

ಹಾರ್ಡಿ ಸಹೋದರರನ್ನು ಮೊದಲು ಬರೆದ ಕೈ ಕೆನಡಾದ್ದು. ಲೆಸ್ಲಿ ಮ್ಯಾಕ್‌ಫಾರ್ಲೇನ್ (೧೯೦೨–೧೯೭೭) ಆಂಟೇರಿಯೋ ಪ್ರಾಂತದ ಹೈಲಿಬರಿಯಲ್ಲಿ ಬೆಳೆದವನು. ೧೯೨೬ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದಾಗ ಸ್ಟ್ರಾಟೆಮೆಯರನ ಜಾಹೀರಾತಿಗೆ ಉತ್ತರ ಬರೆದ. ಮರುವರ್ಷ ‘ದಿ ಟವರ್ ಟ್ರೆಷರ್’ ಸೇರಿ ಮೂರು ಪುಸ್ತಕಗಳು ಹೊರಬಂದುವು. ಪುಸ್ತಕಕ್ಕೆ ೧೨೫ ಡಾಲರು ಸಂಭಾವನೆ. ಆರ್ಥಿಕ ಕುಸಿತದ ವರ್ಷಗಳಲ್ಲಿ ಅದು ೮೫ಕ್ಕೆ ಇಳಿಯಿತು. ಎಷ್ಟು ಲಕ್ಷ ಪ್ರತಿಗಳು ಮಾರಿದರೂ ರಾಯಧನವೆಂಬುದಿಲ್ಲ. ತಾನೇ ಬರೆದವನೆಂದು ಹೇಳಿಕೊಳ್ಳುವ ಅಧಿಕಾರವೂ ಇಲ್ಲ. ಬ್ಯಾಂಕಿನ ಮೇಜಿನ ಮುಂದೆ ಕುಳಿತು ದಿನವೂ ಜನರಿಂದ ರುಜು ಹಾಕಿಸುವ ನನ್ನಂಥವರಿಗೆ, ಒಂದು ಗೆರೆಯ ರುಜುವಿನಿಂದ ಎಷ್ಟು ಕೈಬಿಟ್ಟುಹೋಗಬಹುದೆಂಬುದು ಹೊಸ ಸಂಗತಿಯಲ್ಲ. ಆದರೂ ಇದು ಮೋಸವಲ್ಲ. ತಿಳಿದೇ ಮಾಡಿಕೊಂಡ ಕರಾರು. ದಿನಚರಿಯಲ್ಲಿ ಈ ಹುಡುಗರನ್ನು ಬೈದುಕೊಂಡರೂ, ಕೂಲಿಯ ಕೆಲಸವೆಂದು ಮ್ಯಾಕ್‌ಫಾರ್ಲೇನ್ ಬರವಣಿಗೆಯಲ್ಲಿ ಕೈ ಹಿಡಿಯಲಿಲ್ಲ. ಹಂದರದಲ್ಲಿ ಇಲ್ಲದ ಹಾಸ್ಯವನ್ನೂ ಸಮೃದ್ಧವಾದ ಊಟಗಳನ್ನೂ ಹದವಾದ ಇಂಗ್ಲಿಷನ್ನೂ ತನ್ನ ಕಡೆಯಿಂದ ತುಂಬಿದ.

ಆ ಮೊದಲ ಕಥೆಯನ್ನೇ ನೋಡೋಣ. ಬೇಪೋರ್ಟ್ ಎಂಬ ಕಲ್ಪಿತ ಕಡಲೂರು. ನ್ಯೂಯಾರ್ಕಿನ ಪೋಲೀಸ್ ಕೆಲಸ ಬಿಟ್ಟು ಸ್ವತಂತ್ರ ಪತ್ತೇದಾರನಾದ ಫೆಂಟನ್ ಹಾರ್ಡಿ. ಅವನ ಮಕ್ಕಳು ಹದಿನಾರರ ಫ್ರಾಂಕ್, ಅವನಿಗಿಂತ ಒಂದು ವರ್ಷ ಕಿರಿಯನಾದ ಜೋ. ಗೋಪುರದ ಬಂಗಲೆಯಲ್ಲಿ ಒಡವೆಗಳೂ ಸಾಲಪತ್ರಗಳೂ ಕಳವಾಗುತ್ತವೆ. ಸಂಶಯ ಮೇಲ್ವಿಚಾರಕ ರಾಬಿನ್ಸನ್ನನ ಮೇಲೆ ಬೀಳುತ್ತದೆ. ಅವನು ಸಾಲವೊಂದನ್ನು ತೀರಿಸಿದ್ದಾನೆ, ಹಣ ಎಲ್ಲಿಂದ ಬಂತೆಂದು ಹೇಳಲೊಲ್ಲ. ಕೆಲಸ ಹೋಗುತ್ತದೆ, ಮಗನು ಶಾಲೆ ಬಿಟ್ಟು ದುಡಿಯಬೇಕಾಗುತ್ತದೆ. ಕಳ್ಳನು ಸಾಯುವಾಗ ಗೋಪುರವೆಂದದ್ದು ಬಂಗಲೆಯದಲ್ಲ, ರೈಲುದಾರಿಯ ಪಕ್ಕದ ಹಳೆಯ ನೀರಿನ ಗೋಪುರ ಎಂದು ಸಹೋದರರು ಊಹಿಸುವುದು ಕಥೆಯ ಗಂಟು. ಗಂಟಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತದ್ದು ಶಾಲೆ ಬಿಟ್ಟ ಆ ಹುಡುಗ. ಗೆಳೆಯನ ಮನೆಯ ಒಲೆ ಆರುವುದನ್ನು ಕಂಡದ್ದರಿಂದ ಹಾರ್ಡಿಗಳ ಸಾಹಸಕ್ಕೆ ತೂಕ ಬಂದಿದೆ.

ಇದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಸಾಯುತ್ತಿರುವ ಕಳ್ಳನ ಬಳಿಗೆ ಫೆಂಟನ್‌ಗಿಂತ ಮೊದಲು ಪೋಲೀಸ್ ಅಧಿಕಾರಿ ಕಾಲಿಗ್, ಪೆದ್ದ ಪತ್ತೇದಾರ ಸ್ಮಫ್ ಹೋಗಿ ಕೆಲಸ ಕೆಡಿಸಬಾರದೆಂದು ಹುಡುಗರು ಹೂಟ ಹೂಡುತ್ತಾರೆ. ಇಟಲಿಯಿಂದ ಬಂದ ರೊಕೊ ಎಂಬವನ ಹಣ್ಣಿನ ಅಂಗಡಿಯಲ್ಲಿ ಟಿಕ್‌ಟಿಕ್ ಎನ್ನುವ ಗಡಿಯಾರವನ್ನಿಟ್ಟು ಬಾಂಬೆಂದು ಗುಲ್ಲೆಬ್ಬಿಸುತ್ತಾರೆ. ಹತ್ತಿರ ಹೋಗಲು ಹೆದರಿದ ಪೋಲೀಸರಿಗೆ ರೈಲು ತಪ್ಪುತ್ತದೆ. ಓದಿದರೆ ಇಂದಿಗೂ ನಗು ಬರುತ್ತದೆ. ಆದರೆ ಆ ನಗೆಯಲ್ಲಿ ಎರಡು ಪಾಲಿದೆ: ಒಂದು ಅಧಿಕಾರದ ಠೀವಿಯನ್ನು ಕುರಿತದ್ದು, ಇನ್ನೊಂದು ವಲಸೆ ಬಂದ ಬಡವನ ಭಯವನ್ನೂ ಅವನ ಒಡಕು ಇಂಗ್ಲಿಷನ್ನೂ ಕುರಿತದ್ದು. ಪರಭಾಷೆಯ ಊರಿನಲ್ಲಿ ಬಾಳುವ ನಮಗೆ ಎರಡನೆಯದು ಸ್ವಲ್ಪ ಚುಚ್ಚದೆ ಇರದು. ಕರಿಯರನ್ನೂ ಚೀನೀಯರನ್ನೂ ಚಿತ್ರಿಸುವಲ್ಲಿ ಹಳೆಯ ಸಂಪುಟಗಳ ಹೀನಾಯ ಇದಕ್ಕಿಂತ ಎಷ್ಟೋ ಹೆಚ್ಚು.

೧೯೩೦ರಲ್ಲಿ ಸ್ಟ್ರಾಟೆಮೆಯರ್ ತೀರಿಕೊಂಡ ಮೇಲೆ ಸಂಸ್ಥೆ ಮಕ್ಕಳ ಕೈಗೆ ಬಂತು. ಮಗಳು ಹ್ಯಾರಿಯೆಟ್ ಆಡಮ್ಸ್ ೧೯೫೯ರಿಂದ ೧೯೭೩ರವರೆಗೆ ಮೊದಲ ೩೮ ಸಂಪುಟಗಳನ್ನು ಪರಿಷ್ಕರಿಸುವ ಕಾರ್ಯವನ್ನು ನಡೆಸಿದಳು. ಜನಾಂಗದ್ವೇಷದ ಚಿತ್ರಗಳನ್ನು ಕುರಿತ ಆಕ್ಷೇಪಣೆಗಳೂ ಅಚ್ಚಿನ ವೆಚ್ಚವೂ ಇದಕ್ಕೆ ಕಾರಣಗಳು. ೨೫ ಅಧ್ಯಾಯಗಳು ೨೦ ಆದುವು; ಸಹೋದರರು ಹದಿನೆಂಟು, ಹದಿನೇಳು ವಯಸ್ಸಿನವರಾದರು. ‘ದಿ ಫ್ಲಿಕರಿಂಗ್ ಟಾರ್ಚ್ ಮಿಸ್ಟರಿ’ಯಂಥ ಕೃತಿಗಳಲ್ಲಿ ಹೆಸರೊಂದುಳಿದು ಕಥೆಯೇ ಬೇರೆಯಾಯಿತು. ನಿಂದೆಯ ಮಾತುಗಳು ಹೋದುದು ಸರಿಯೇ ಸರಿ. ಅದಕ್ಕಾಗಿ ಯಾರೂ ಕಣ್ಣೀರಿಡಬೇಕಾಗಿಲ್ಲ. ಅವುಗಳ ಜೊತೆಯಲ್ಲಿ ಕಷ್ಟಪದಗಳೂ ನಿಧಾನದ ವರ್ಣನೆಗಳೂ ಹೊರಟುಹೋದುವು. ಕಾಲಿಗ್ ಗೌರವಾನ್ವಿತ ಅಧಿಕಾರಿಯಾದ. ಗಡಿಯಾರದ ಪ್ರಸಂಗ ಮಾಯವಾಯಿತು. ತಪ್ಪುವ ಪೋಲೀಸರನ್ನು ನೋಡಿ ನಗುವ ಹುಡುಗರು ಪೋಲೀಸರಿಗೆ ನೆರವಾಗುವ ವಿಧೇಯ ತರುಣರಾದರು. ಹೊಟ್ಟನ್ನು ತೂರುವಾಗ ಕಾಳೂ ಗಾಳಿಗೆ ಹೋಯಿತೆಂದೇ ನನ್ನ ಅಭಿಪ್ರಾಯ. ರೊಕೊನ ಮಾತನ್ನು ನೇರಗೊಳಿಸಿ ಪೋಲೀಸರ ಅಂಜಿಕೆಯನ್ನು ಉಳಿಸಿಕೊಳ್ಳಬಹುದಾಗಿತ್ತು. ಅಷ್ಟು ತಾಳ್ಮೆ ಪರಿಷ್ಕರ್ತರಿಗೆ ಇರಲಿಲ್ಲ.

ಹೀಗೆ ತಿದ್ದಲು ಬರೆದವನ ಅನುಮತಿ ಬೇಕಾಗಲಿಲ್ಲ. ಮ್ಯಾಕ್‌ಫಾರ್ಲೇನ್ ೧೯೪೭ರ ‘ದಿ ಫ್ಯಾಂಟಮ್ ಫ್ರೇಟರ್’ ಬಳಿಕ ಈ ಮಾಲೆಗೆ ಬರೆಯಲಿಲ್ಲ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಲಿಯನ್ನು ಸೇರಿದ್ದ ಈತನ ‘ಹೆರಿಂಗ್ ಹಂಟ್’ ಎಂಬ ಕಿರುಚಿತ್ರ ಆಸ್ಕರ್ ಪಾರಿತೋಷಕಕ್ಕೆ ನಾಮಕರಣಗೊಂಡಿತು. ೧೯೭೬ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿ ತನ್ನ ಗುಟ್ಟನ್ನು ತಾನೇ ಸವಿಸ್ತಾರವಾಗಿ ಹೇಳಿದ. ೧೯೭೯ರಲ್ಲಿ ಸಿಂಡಿಕೇಟು ಪ್ರಕಾಶಕರನ್ನು ಬದಲಿಸಲು ಹೊರಟಾಗ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಅದೇ ಸಂಸ್ಥೆಯ ನ್ಯಾನ್ಸಿ ಡ್ರೂ ಕಥೆಗಳ ಮೊದಲ ಲೇಖಕಿ ಮಿಲ್ಡ್ರೆಡ್ ಬೆನ್ಸನ್ ಅಲ್ಲಿ ಸಾಕ್ಷಿ ನುಡಿದಳು. ೧೯೮೪ರಲ್ಲಿ ಸೈಮನ್ ಅಂಡ್ ಶೂಸ್ಟರ್ ಇಡೀ ಸಿಂಡಿಕೇಟನ್ನೇ ಕೊಂಡುಕೊಂಡಿತು.

ಹಳೆಯ ಪಾಠವನ್ನು ೧೯೯೧ರಿಂದ ಆ್ಯಪಲ್‌ವುಡ್ ಸಂಸ್ಥೆ ಯಥಾವತ್ತಾಗಿ ಮರುಮುದ್ರಿಸಿತು. ಅಮೆರಿಕದ ಕಾನೂನಿನ ೯೫ ವರ್ಷಗಳ ಅವಧಿ ತೀರಿ, ೧೯೨೭ರ ಮೂರು ಪುಸ್ತಕಗಳ ಮೂಲಪಾಠ ೨೦೨೩ರ ಜನವರಿ ೧ರಂದು ಅಲ್ಲಿ ಸಾರ್ವಜನಿಕ ಸ್ವತ್ತಾಯಿತು. ಪರಿಷ್ಕೃತ ಪಾಠದ ಹಕ್ಕು ಇನ್ನೂ ಒಡೆಯರದೇ. ಹಳೆಯ ಪುಸ್ತಕದಂಗಡಿಯಲ್ಲಿ ಈ ಮೊದಲ ಸಂಪುಟಗಳಲ್ಲಿ ಯಾವುದಾದರೂ ಕೈಗೆ ಸಿಕ್ಕರೆ ಪರಿವಿಡಿಯಲ್ಲಿ ಅಧ್ಯಾಯಗಳನ್ನು ಎಣಿಸಬಹುದು: ಇಪ್ಪತ್ತಿದ್ದರೆ ಹ್ಯಾರಿಯೆಟ್ಟಳ ಕಾಲದ್ದು, ಇಪ್ಪತ್ತೈದಿದ್ದರೆ ಹಳೆಯದು. ಮುಖಪುಟದ ಹೆಸರು ಎರಡರ ಮೇಲೂ ಒಂದೇ.